ಅಕ್ಷರಗುಂಡಿನಿಂದ ವಿಧಾನಸೌಧಕ್ಕೆ

1957ರ ವಿಧಾನಸಭಾ ಚುನಾವಣೆಯಲ್ಲಿ ಎಸ್. ನಿಜಲಿಂಗಪ್ಪನವರು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಕ್ಷೇತ್ರದಿಂದ ಗೆದ್ದರು. ಆಗ ಅವರು ಮುಖ್ಯಮಂತ್ರಿ. ಹರಿದು ಹಂಚಿಹೋಗಿದ್ದ ಕನ್ನಡ ಸೀಮೆಗಳಲ್ಲಿ ಬಹುಪಾಲು ಒಂದೇ ರಾಜ್ಯವಾಗಿ ಕೂಡಿದ್ದು 1956ರ ನವೆಂಬರ್ 1ರಂದು. ಅದೇ ವರ್ಷ ಬೆಂಗಳೂರಿನಲ್ಲಿ, ಕೆಂಪು ಬಣ್ಣದ ಅಠಾರಾ ಕಚೇರಿಯ ಎದುರಿಗೆ, ಬೂದುಗಲ್ಲಿನ ವಿಧಾನಸೌಧ ಎದ್ದು ನಿಂತಿತ್ತು. ಕೂಡಿದ ರಾಜ್ಯದ ಮೊದಲ ಮುಖ್ಯಮಂತ್ರಿ ಆ ಹೊಸ ಕಟ್ಟಡದಲ್ಲಿ ಕೂತದ್ದು ಬಂಡೆಗಳ ನಾಡಿನ ಪ್ರತಿನಿಧಿಯಾಗಿ.

ವಿಧಾನಸೌಧದ ನಡುಗುಮ್ಮಟದ ನೆತ್ತಿಯಲ್ಲಿ ನಾಲ್ಕು ಮುಖದ ಸಿಂಹಗಳಿವೆ. ಅವುಗಳ ಮೂಲ ಸಾರನಾಥದ ಅಶೋಕಸ್ತಂಭ. 1950ರ ಜನವರಿ 26ರಂದು ಭಾರತ ಅದನ್ನು ರಾಷ್ಟ್ರಲಾಂಛನವಾಗಿ ಒಪ್ಪಿಕೊಂಡಿತು. ಸಿಂಹವನ್ನು ಸಾರನಾಥದಿಂದ ತರಬೇಕಾಯಿತು. ಆದರೆ ಅಶೋಕನ ಮಾತು ಕನ್ನಡ ನೆಲದಲ್ಲಿ ಮೊದಲೇ ಇತ್ತು, ಅದೂ ಮೊಳಕಾಲ್ಮೂರು ತಾಲ್ಲೂಕಿನ ಬಂಡೆಯ ಮೇಲೆ. ಚಿನ್ನಹಗರಿ ಹೊಳೆಯ ಆಸುಪಾಸಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಕಡೆ ಅವನ ಶಾಸನಗಳಿವೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅವನ್ನು ಓದುಗ ಲೋಕಕ್ಕೆ ತಿಳಿಸಿದರು. ಸುತ್ತಲಿನವರು ಇಂದಿಗೂ ಸಿದ್ದಾಪುರವನ್ನು ಅಶೋಕ ಸಿದ್ದಾಪುರ ಎಂದೇ ಕರೆಯುತ್ತಾರೆ.

ಬ್ರಹ್ಮಗಿರಿಯ ಬಂಡೆಗೆ ರೈಸ್ ಬರುವ ಮೊದಲೇ ಊರವರು ಇಟ್ಟ ಹೆಸರು ಅಕ್ಷರಗುಂಡು. ಏನು ಬರೆದಿದೆ ಎಂದು ತಿಳಿಯದಿದ್ದರೂ ಬರೆದದ್ದಕ್ಕೆ ಶಕ್ತಿಯುಂಟು ಎಂದು ನಂಬಿ ಆ ಗುಂಡಿಗೆ ರೋಗ ಕಳೆಯುವ ಗುಣವನ್ನೂ ಆರೋಪಿಸಿದ್ದರು. ಜಟಿಂಗ ರಾಮೇಶ್ವರದ ಶಾಸನಬಂಡೆಗೆ ಬಳೆಗಾರ ಗುಂಡು ಎಂಬ ಹೆಸರು; ಬೆಟ್ಟದ ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದ ಜಾಗ ಅದು. ಈ ಮೂರರಲ್ಲಿ ತೀರಾ ಸವೆದ ಶಾಸನವೂ ಅದೇ.

ಶಾಸನದ ಒಕ್ಕಣೆಯನ್ನು ಗಮನಿಸಬೇಕು. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರೆಂಬ ಅಧಿಕಾರಿಗಳು ಇಸಿಲ ಎಂಬ ಊರಿನ ಮಹಾಮಾತ್ರರ ಆರೋಗ್ಯ ವಿಚಾರಿಸಿ, ಆಮೇಲೆ ದೊರೆಯ ಆಜ್ಞೆಯನ್ನು ತಿಳಿಸುತ್ತಾರೆ: ತಂದೆತಾಯಿಗಳ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ನಿಜ ನುಡಿಯಬೇಕು. ಮೇಲಿನ ಕಚೇರಿ, ಕೆಳಗಿನ ಕಚೇರಿ, ಕುಶಲಪ್ರಶ್ನೆ, ಆದೇಶ, ಕೊನೆಗೆ ಬರೆದವನ ರುಜು. ಆಡಳಿತದ ಪತ್ರಕ್ಕೆ ಬೇಕಾದ ಎಲ್ಲ ಅಂಗಗಳೂ 2,200 ವರ್ಷಗಳ ಹಿಂದೆಯೇ ಇಲ್ಲಿವೆ. ಬರೆದವನ ಹೆಸರು ಚಪಡ. ಪ್ರಾಕೃತ ಭಾಷೆಯ ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಕೊರೆದು, ತಾನು ಲಿಪಿಕಾರ ಎಂಬುದನ್ನು ಮಾತ್ರ ಅವನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದ. ಖರೋಷ್ಠಿ ಬಳಕೆಯಲ್ಲಿದ್ದದ್ದು ವಾಯವ್ಯ ಗಡಿಯ ಗಾಂಧಾರದ ಕಡೆ. ಸಾವಿರ ಮೈಲಿಗೂ ಆಚೆಯ ಬರಹ ಕಲಿತ ಗುಮಾಸ್ತನೊಬ್ಬ ಮೊಳಕಾಲ್ಮೂರಿನ ಬಿಸಿಲಲ್ಲಿ ಬಂಡೆಯ ಮುಂದೆ ಕೂತಿದ್ದ. ಸುವರ್ಣಗಿರಿ ಕೊಪ್ಪಳ ಜಿಲ್ಲೆಯ ಕನಕಗಿರಿ ಎಂದು ಕೆಲವರು, ಆಂಧ್ರದ ಜೊನ್ನಗಿರಿ ಎಂದು ಮತ್ತೆ ಕೆಲವರು ವಾದಿಸುತ್ತಾರೆ. ಇಸಿಲದ ವಿಷಯದಲ್ಲಿ ಅಷ್ಟು ಗೊಂದಲವಿಲ್ಲ, ಅದು ಈ ಬೆಟ್ಟಗಳ ಬುಡದಲ್ಲೇ ಇತ್ತು.

ಇಸಿಲದ ಮಹಾಮಾತ್ರರು ಯಾವ ಕಟ್ಟಡದಲ್ಲಿ ಕೂರುತ್ತಿದ್ದರೋ ಅದು ಉಳಿದಿಲ್ಲ. ಉಳಿದಿರುವುದು ಅವರಿಗೂ ಹಿಂದಿನವರು ಸತ್ತವರಿಗಾಗಿ ಕಟ್ಟಿದ ಕಲ್ಲಿನ ಕೋಣೆಗಳು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಅಗೆದಾಗ ಮೂರು ಕಾಲದ ಬದುಕು ಪದರಪದರವಾಗಿ ಕಂಡಿತು: ನುಣುಪು ಕಲ್ಲುಕೊಡಲಿಯ ಜನ, ಅವರ ಮೇಲೆ ಕಬ್ಬಿಣ ಬಳಸಿದ ಬೃಹತ್ ಶಿಲಾಗೋರಿಗಳ ಜನ, ಅವರಾದ ಮೇಲೆ ಶಾತವಾಹನರ ಕಾಲದ ಜನ. ವೀಲರ್‌ಗಿಂತ ಮೊದಲೇ ಮೈಸೂರಿನ ಡಾ. ಎಂ.ಎಚ್. ಕೃಷ್ಣ ಇಲ್ಲಿ ಅಗೆದು ದಾರಿ ತೋರಿದ್ದರು. ಇಸವಿ ಗೊತ್ತುಮಾಡಲು ವೀಲರ್ ಹಿಡಿದದ್ದು ರೋಮಿನ ವ್ಯಾಪಾರದ ಜೊತೆ ತಳುಕು ಹಾಕಿಕೊಂಡಿದ್ದ ಒಂದು ಬಗೆಯ ಮಡಕೆಚೂರು. ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ಅದರ ಕಾಲ ಆಗಷ್ಟೇ ಖಚಿತವಾಗಿತ್ತು.

ಆ ಗೋರಿಗಳ ಕಟ್ಟಣೆಯನ್ನು ಇಂದಿನ ಎಂಜಿನಿಯರೂ ನಿಂತು ನೋಡಬೇಕು. ನಾಲ್ಕು ಚಪ್ಪಡಿಗಳನ್ನು ನೆಟ್ಟಗೆ ನಿಲ್ಲಿಸಿ ಕೋಣೆ ಮಾಡಬೇಕು. ಗಾರೆ ಇಲ್ಲ, ಮೊಳೆ ಇಲ್ಲ. ಸುತ್ತ ತುಂಬಿದ ಮಣ್ಣು ಚಪ್ಪಡಿಗಳನ್ನು ಒಳಕ್ಕೆ ನೂಕುತ್ತದೆ. ಅದಕ್ಕೆ ಅವರು ಪ್ರತಿ ಚಪ್ಪಡಿಯ ಒಂದು ತುದಿಯನ್ನು ಪಕ್ಕದ್ದರ ಅಂಚಿಗೆ ತಾಗಿಸಿ, ಇನ್ನೊಂದು ತುದಿಯನ್ನು ಮೂಲೆಯಿಂದಾಚೆ ಚಾಚುವಂತೆ ಬಿಟ್ಟರು. ಮೇಲಿಂದ ನೋಡಿದರೆ ಸ್ವಸ್ತಿಕದ ಆಕಾರ. ಈಗ ಒಂದು ಚಪ್ಪಡಿ ಒಳಕ್ಕೆ ಬೀಳಬೇಕೆಂದರೆ ಪಕ್ಕದ್ದು ಅಡ್ಡ ನಿಲ್ಲುತ್ತದೆ, ಅದಕ್ಕೆ ಅದರ ಪಕ್ಕದ್ದು. ಹೊರಗಿನ ಒತ್ತಡ ಹೆಚ್ಚಿದಷ್ಟೂ ಹಿಡಿತ ಬಿಗಿಯಾಗುತ್ತದೆ. ಪೂರ್ವದ ಚಪ್ಪಡಿಯಲ್ಲಿ ಒಂದು ದುಂಡನೆಯ ಕಿಂಡಿ. ಗ್ರಾನೈಟಿನಲ್ಲಿ ಹಾಗೆ ಕಿಂಡಿ ತೆಗೆಯುವುದು ಕಬ್ಬಿಣದ ಉಳಿ ಇದ್ದರೂ ದಿನಗಟ್ಟಲೆಯ ಕೆಲಸ.

ಇಷ್ಟು ದೊಡ್ಡ ಚಪ್ಪಡಿಗಳು ಸಿಕ್ಕಿದ್ದು ಹೇಗೆ? ಗ್ರಾನೈಟು ಭೂಮಿಯ ಆಳದಲ್ಲಿ, ಮೇಲಿನ ಬಂಡೆಗಳ ಅಗಾಧ ಭಾರದಡಿ ಹರಳುಗಟ್ಟಿದ ಶಿಲೆ. ಕೋಟ್ಯಂತರ ವರ್ಷಗಳಲ್ಲಿ ಮೇಲಿನದ್ದು ಸವೆದು ಹೋದಾಗ ಭಾರ ಇಳಿದ ಬಂಡೆ ಹಿಗ್ಗುತ್ತದೆ. ಹಿಗ್ಗಿದಾಗ ಮೇಲ್ಮೈಗೆ ಸಮನಾಗಿ ಬಿರುಕುಗಳು ಮೂಡಿ, ಬಂಡೆ ಹಾಳೆಹಾಳೆಯಾಗಿ ಬಿಡುತ್ತದೆ. ಮೊಳಕಾಲ್ಮೂರಿನ ಗುಡ್ಡಗಳ ಮೈಮೇಲೆ ಇಂಥ ಹಾಳೆಗಳು ಕಣ್ಣಿಗೇ ಕಾಣುತ್ತವೆ. ಕಲ್ಲುಕುಟಿಗರು ಇದನ್ನು ಬೆಂಕಿಯಿಂದ ಇನ್ನಷ್ಟು ಬೇಗ ಮಾಡಿಸಿದರು. ಬಂಡೆಯ ಮೇಲೆ ಸೌದೆ ಉರಿಸಿದರೆ ಮೇಲುಪದರ ಕಾಯ್ದು ಹಿಗ್ಗುತ್ತದೆ, ಕೆಳಗಿನದು ತಣ್ಣಗೇ ಇರುತ್ತದೆ, ನಡುವೆ ಸೀಳು ಬಿಡುತ್ತದೆ. ಉರಿಯನ್ನು ಸ್ವಲ್ಪಸ್ವಲ್ಪವೇ ಮುಂದಕ್ಕೆ ಸರಿಸುತ್ತ, ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತ ಸೀಳು ಎಲ್ಲಿಗೆ ಬಂತೆಂದು ಅಳೆಯುತ್ತಾರೆ. ಗಟ್ಟಿ ಬಂಡೆಯ ಸದ್ದು ಬೇರೆ, ಬಿಟ್ಟುಕೊಂಡ ಚಪ್ಪಡಿಯ ಸದ್ದು ಬೇರೆ. ಬೆಂಗಳೂರು ಕಡೆಯ ಈ ವಿದ್ಯೆ ಎಚ್. ವಾರ್ತ್ ಎಂಬುವರನ್ನು ಎಷ್ಟು ಬೆರಗುಗೊಳಿಸಿತೆಂದರೆ 1895ರಲ್ಲಿ ಅವರು ‘ನೇಚರ್’ ಪತ್ರಿಕೆಗೆ ಅದನ್ನು ಬರೆದು ಕಳಿಸಿದರು. ಚಿತ್ರದುರ್ಗ ಸೀಮೆಯಲ್ಲಿ ಈ ಕಸುಬನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದವರು ಭೋವಿ ಸಮುದಾಯದವರು.

ವಿಧಾನಸೌಧದ ಕಥೆ ಈ ಕಲ್ಲಿನಿಂದಲೇ ಶುರುವಾಗಬೇಕು. ಬಹುತೇಕ ಬರಹಗಳು ಕೆಂಗಲ್ ಹನುಮಂತಯ್ಯನವರ ಛಲದಿಂದ ಶುರುಮಾಡುತ್ತವೆ. ಆ ಛಲ ದೊಡ್ಡದೇ. ಆದರೂ ಆ ಕಟ್ಟಡ ಹೀಗೆಯೇ ಕಾಣುವುದಕ್ಕೆ ಕಾರಣ ಅರ್ಧ ಮನುಷ್ಯರದು, ಅರ್ಧ ಖನಿಜಗಳದು.

ಮನುಷ್ಯರ ಪಾಲು ಮೊದಲು. 1951ರ ಜುಲೈ 13ರಂದು ಜವಾಹರಲಾಲ್ ನೆಹರೂ ಅಡಿಗಲ್ಲು ಇಟ್ಟಾಗ ಮುಖ್ಯಮಂತ್ರಿಯಾಗಿದ್ದವರು ಕೆ.ಸಿ. ರೆಡ್ಡಿ. ಆಗಿನ ನಕ್ಷೆ ಸರಳ ಕಟ್ಟಡದ್ದು. 1952ರಲ್ಲಿ ಅಧಿಕಾರಕ್ಕೆ ಬಂದ ಹನುಮಂತಯ್ಯನವರು ಅದನ್ನು ಬದಿಗಿಟ್ಟು, ಈ ನೆಲದ ದೇವಾಲಯಗಳ, ಅರಮನೆಗಳ ರೂಪ ಹೊತ್ತ ಭವನವೇ ಆಗಬೇಕೆಂದರು. ಸರ್ಕಾರಿ ವಾಸ್ತುಶಿಲ್ಪಿ ಬಿ.ಆರ್. ಮಾಣಿಕ್ಯಂ ಅದನ್ನು ಕಾಗದಕ್ಕಿಳಿಸಿದರು. ಬೆಂಗಳೂರಿಗೆ ಬಂದ ರಷ್ಯನ್ ನಿಯೋಗವೊಂದು ಇಲ್ಲಿನ ಕಟ್ಟಡಗಳೆಲ್ಲ ಯುರೋಪಿನವರ ಮಾದರಿಯವು, ನಿಮ್ಮದೆಂಬುದು ಯಾವುದು ಎಂದು ಕೇಳಿದ್ದು ಹನುಮಂತಯ್ಯನವರ ಮನಸ್ಸಿಗೆ ನಾಟಿತ್ತು ಎಂಬ ಮಾತು ಮೊದಲಿನಿಂದ ಚಾಲ್ತಿಯಲ್ಲಿದೆ. ಹೊಸ ಬಗೆಯ ಕಟ್ಟಡಗಳು ಬೆಂಗಳೂರಿಗೆ ಗೊತ್ತಿರಲಿಲ್ಲ ಎಂದಲ್ಲ. ಜರ್ಮನಿಯಿಂದ ಬಂದ ಆಟೋ ಕೋನಿಗ್ಸ್‌ಬರ್ಗರ್ 1939ರಿಂದ 1948ರವರೆಗೆ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಸಾದಾ ಗೋಡೆಯ, ಅಲಂಕಾರವಿಲ್ಲದ ಕಟ್ಟಡಗಳನ್ನು ಕಟ್ಟಿ ತೋರಿಸಿದ್ದರು. 1950ರ ದಶಕದಲ್ಲೇ ಚಂಡೀಗಢದಲ್ಲಿ ಲೆ ಕಾರ್ಬೂಸಿಯೆ ಬರೀ ಕಾಂಕ್ರೀಟಿನ ರಾಜಧಾನಿ ಕಟ್ಟುತ್ತಿದ್ದರು. ಆ ದಾರಿಯೂ ತೆರೆದಿತ್ತು. ಕಲ್ಲನ್ನು ಆರಿಸಿದ್ದು ತಿಳಿದೇ ಮಾಡಿದ ಆಯ್ಕೆ.

5,000ಕ್ಕೂ ಹೆಚ್ಚು ಕೂಲಿಗಳು, ಅವರ ಜೊತೆ ಕಲ್ಲುಕುಟಿಗರು, ಗಾರೆಯವರು, ಮರಗೆತ್ತನೆಯವರು ಸೇರಿ ಸುಮಾರು 1,500 ಮಂದಿ ಇಲ್ಲಿ ದುಡಿದರು. ಕೂಲಿಗಳಲ್ಲಿ ಜೈಲಿನ ಕೈದಿಗಳೂ ಇದ್ದರು. 700 ಅಡಿ ಉದ್ದ, 350 ಅಡಿ ಅಗಲದ ಕಟ್ಟಡ. ಮುಂದೆ 40 ಅಡಿ ಎತ್ತರದ 12 ಕಂಬಗಳ ಮುಖಮಂಟಪ. ಅದಕ್ಕೆ ಹತ್ತಲು 200 ಅಡಿಗೂ ಅಗಲದ ಮೆಟ್ಟಿಲುಗಳು. ಖರ್ಚು ಮೊದಲ ಅಂದಾಜನ್ನು ಬಹಳ ದೂರ ಮೀರಿ ಪೌಣೆ ಎರಡು ಕೋಟಿ ರೂಪಾಯಿಯ ಆಸುಪಾಸು ಮುಟ್ಟಿತು. ಕಟ್ಟಡ ಮುಗಿಯುವ ಹೊತ್ತಿಗೆ ಹನುಮಂತಯ್ಯನವರು ಕುರ್ಚಿ ಬಿಟ್ಟಿದ್ದರು. ಖರ್ಚಿನ ಬಗ್ಗೆ ವಿಚಾರಣೆಯೂ ನಡೆಯಿತು. ಬಾಗಿಲ ನೆತ್ತಿಯ ಮೇಲೆ ಅವರು ಕೆತ್ತಿಸಿದ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಮಾತು ಹಾಗೆಯೇ ಇದೆ.

ಇನ್ನು ಖನಿಜಗಳ ಪಾಲು. ಕಟ್ಟಡದ ಮೈ ಬೆಂಗಳೂರಿನ ಸುತ್ತಮುತ್ತಲ ಬೂದು ಕಲ್ಲಿನದು; ಮಲ್ಲಸಂದ್ರ, ಬೆಟ್ಟಹಲಸೂರು ಕಡೆಯ ಕ್ವಾರಿಗಳದ್ದು. ಲಾಲ್‌ಬಾಗಿನ ಬಂಡೆಯೂ ಇದೇ ಕುಲದ್ದು, ವಯಸ್ಸು ಸುಮಾರು 300 ಕೋಟಿ ವರ್ಷ. ಅಲಂಕಾರಕ್ಕೆ ಮಾಗಡಿಯ ಗುಲಾಬಿ ಕಲ್ಲು, ತುರುವೇಕೆರೆಯ ಕಪ್ಪು ಕಲ್ಲು ಬಂದವು. ಇದರಲ್ಲಿ ಮಾಗಡಿಯ ಕಲ್ಲಿಗೂ ಮೊಳಕಾಲ್ಮೂರಿನ ಕಡೆಗೂ ನಂಟಿದೆ. ರಾಮನಗರದ ಹಳೆಯ ಹೆಸರಿನಿಂದ ಭೂವಿಜ್ಞಾನಿಗಳು ‘ಕ್ಲೋಸ್‌ಪೇಟೆ ಗ್ರಾನೈಟು’ ಎಂದು ಕರೆಯುವ ಶಿಲಾಪಟ್ಟಿಯೊಂದು ರಾಜ್ಯದ ದಕ್ಷಿಣದಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ಹರಿದಿದೆ. ರಾಮನಗರ, ಮಾಗಡಿಯಿಂದ ಹೊರಟು ಪಾವಗಡ ದಾಟಿ, ಮೊಳಕಾಲ್ಮೂರಿನ ಪೂರ್ವಕ್ಕೆ ಅಂಟಿಕೊಂಡ ರಾಯದುರ್ಗದ ಮೂಲಕ ಹಂಪಿಯವರೆಗೆ ಅದರ ದಾರಿ. 250 ಕೋಟಿ ವರ್ಷಗಳ ಹಿಂದೆ ಶಿಲಾರಸ ಮೇಲೇರಿ ಗಟ್ಟಿಯಾದ ಪಟ್ಟಿ ಇದು. ಚಳ್ಳಕೆರೆಯಿಂದ ರಾಯದುರ್ಗದ ಕಡೆಗೆ ಹೋಗುವವರಿಗೆ ಬಯಲಿನ ಆಚೆ ಗುಂಡುಗಳ ರಾಶಿ ಏಳುವುದು ಕಾಣುತ್ತದಲ್ಲ, ಅದು ಆ ಸೀಮೆಯ ಗ್ರಾನೈಟಿನ ಚಹರೆ.

ಗ್ರಾನೈಟಿನಲ್ಲಿ ಮುಖ್ಯವಾಗಿ ಇರುವುದು ಫೆಲ್ಡ್‌ಸ್ಪಾರ್, ಸ್ಫಟಿಕ, ಸ್ವಲ್ಪ ಅಭ್ರಕ. ಗಡಸುತನದ ಮೋಸ್ ಅಳತೆಯಲ್ಲಿ ಸ್ಫಟಿಕಕ್ಕೆ 7, ಫೆಲ್ಡ್‌ಸ್ಪಾರಿಗೆ 6. ಹದ ಹಾಕಿದ ಉಕ್ಕಿನ ಉಳಿಯೂ ಇದರ ಸುತ್ತಮುತ್ತಲೇ. ಹಾಗಾಗಿ ಉಳಿ ಗ್ರಾನೈಟನ್ನು ಹೆರೆಯುವುದಿಲ್ಲ, ಹರಳುಗಳನ್ನು ಸಿಡಿಸುತ್ತದೆ. ಒಂದು ಏಟಿಗೆ ಒಂದು ಚಕ್ಕೆ. ಬೇಲೂರು ಹಳೇಬೀಡಿನ ಹೊಯ್ಸಳ ಶಿಲ್ಪಿಗಳ ಕೈಗೆ ಸಿಕ್ಕದ್ದು ಬಳಪದ ಕಲ್ಲಿನ ಜಾತಿ. ಅದರಲ್ಲಿರುವ ಟಾಲ್ಕ್‌ನ ಗಡಸುತನ 1. ಗಣಿಯಿಂದ ತೆಗೆದಾಗ ಮೃದು, ಗಾಳಿಗೆ ಬಿಟ್ಟಂತೆ ಗಟ್ಟಿ. ಅದಕ್ಕೇ ಅಲ್ಲಿ ಕಂಬಗಳನ್ನು ತಿರುಗಣಿಗೆ ಹಾಕಿ ದುಂಡಗೆ ಕಡೆಯಲು, ಮದನಿಕೆಯ ಕೊರಳಿನ ಸರವನ್ನು ಕತ್ತಿನಿಂದ ಬಿಡಿಸಿ ತೋರಿಸಲು ಆಯಿತು. ವಿಜಯನಗರದವರಿಗೆ ಸಿಕ್ಕದ್ದು ಹಂಪಿಯ ಗ್ರಾನೈಟು. ಅಲ್ಲಿ ರೂಪಗಳು ದಪ್ಪಗಾದವು, ಗೆರೆಗಳು ಕಡಿಮೆಯಾದವು, ಕಂಬಗಳು ಎತ್ತರವಾದವು, ನೆರಳಿನ ಆಟ ದೊಡ್ಡದಾಯಿತು.

ವಿಧಾನಸೌಧದಲ್ಲಿ ಹೊಯ್ಸಳ ಕಲೆಯನ್ನು ಹುಡುಕಿ ನಿರಾಶರಾಗುವವರು ಮರೆಯುವುದು ಇದನ್ನೇ. ಅಲ್ಲಿನ ಬೋದಿಗೆ, ಕಪೋತ, ಕೂಡುಕಮಾನುಗಳ ಕೆತ್ತನೆ ದೂರದಿಂದ ನೋಡಲೆಂದು ಮಾಡಿದ್ದು. ಬೆಳಗಿನ ಬಿಸಿಲು ಪೂರ್ವದ ಮೆಟ್ಟಿಲುಗಳ ಮೇಲಿಂದ ಬಿದ್ದಾಗ ಛಾವಣಿಯಂಚಿನ ದಪ್ಪ ಚಾಚಿನ ನೆರಳು ಗೋಡೆಯ ಮೇಲೆ ಗೆರೆ ಎಳೆಯುತ್ತದೆ. ಕಟ್ಟಡಕ್ಕೆ ಕಳೆ ಬರುವುದು ಆ ನೆರಳಿನಿಂದ. ಬಳಪದ ಕಲ್ಲಿನ ಕುಸುರಿಯನ್ನು ಗ್ರಾನೈಟಿನಲ್ಲಿ ಒತ್ತಾಯದಿಂದ ಮಾಡಿಸಲು ಹೋಗದೆ ಕಲ್ಲಿನ ಸ್ವಭಾವಕ್ಕೆ ತಕ್ಕಂತೆ ಕೈ ಹಿಡಿದದ್ದು ಮಾಣಿಕ್ಯಂ ಮತ್ತು ಹೆಸರು ಉಳಿಯದ ಕುಟಿಗರ ವಿವೇಕ.

ಗ್ರಾನೈಟಿಗೆ ಇನ್ನೊಂದು ಸ್ವಭಾವವಿದೆ. ಒತ್ತಿದರೆ ಅದು ಮಹಾ ಬಲಶಾಲಿ, ಎಳೆದರೆ ದುರ್ಬಲ. ಒಳ್ಳೆಯ ಗ್ರಾನೈಟು ಒಂದು ಚದರ ಸೆಂಟಿಮೀಟರಿಗೆ 1,500 ಕಿಲೋ ಒತ್ತಡವನ್ನು ತಾಳೀತು. 40 ಅಡಿ ಎತ್ತರದ ಕಂಬ ತನ್ನ ಬುಡದ ಮೇಲೆ ಹೇರುವ ಸ್ವಂತ ಭಾರ ಒಂದು ಚದರ ಸೆಂಟಿಮೀಟರಿಗೆ ಮೂರು ಕಿಲೋ ಚಿಲ್ಲರೆ ಅಷ್ಟೆ. ಲೆಕ್ಕ ಹಾಕಿದರೆ, ವಾಲದೆ ನೆಟ್ಟಗೆ ನಿಲ್ಲಿಸಲಾಗುವುದಾದರೆ, ಗ್ರಾನೈಟಿನ ಕಂಬ ತನ್ನ ಭಾರಕ್ಕೆ ತಾನೇ ಪುಡಿಯಾಗಬೇಕಾದರೆ ಐದು ಕಿಲೋಮೀಟರಿಗೂ ಮಿಗಿಲಾದ ಎತ್ತರ ಬೇಕು. ಅದೇ ಕಲ್ಲನ್ನು ಮಲಗಿಸಿ ಎರಡು ಗೋಡೆಗಳ ಮೇಲೆ ತೊಲೆಯಂತೆ ಇಟ್ಟರೆ ಅಡಿಭಾಗ ಎಳೆತಕ್ಕೆ ಸಿಕ್ಕುತ್ತದೆ. ದಪ್ಪ ಅಷ್ಟೇ ಇದ್ದು ಅಂತರ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ. ಅರ್ಧ ಅಡಿ ದಪ್ಪದ ಚಪ್ಪಡಿ 10 ಅಡಿ ಅಂತರವನ್ನು ಸಲೀಸಾಗಿ ದಾಟುತ್ತದೆ. 40 ಅಡಿಗೆ ಚಾಚಿದರೆ ಎಳೆತ 16 ಪಟ್ಟಾಗಿ, ಮೇಲೆ ಯಾರೂ ನಿಲ್ಲದಿದ್ದರೂ ಮುರಿಯುವ ಹಂತಕ್ಕೆ ಬರುತ್ತದೆ. ನಮ್ಮ ಗುಡಿಗಳ ನವರಂಗದಲ್ಲಿ ಕಂಬಗಳು ಒತ್ತೊತ್ತಾಗಿ ನಿಂತಿರುವುದಕ್ಕೆ ಕಾರಣ ಇದೇ.

ಶಾಸನಸಭೆಗೆ ನವರಂಗ ಒಗ್ಗುವುದಿಲ್ಲ. ಪ್ರತಿಯೊಬ್ಬ ಸದಸ್ಯನಿಗೂ ಸಭಾಧ್ಯಕ್ಷರ ಮುಖ ಕಾಣಬೇಕು, ಎದುರು ಸಾಲಿನವರ ಮುಖವೂ ಕಾಣಬೇಕು. ನಡುವೆ ಕಂಬ ಬರಕೂಡದು. 1957ರಲ್ಲಿ ವಿಧಾನಸಭೆಯ ಸ್ಥಾನಗಳು 208, 1978ರಿಂದ 224. ಇಷ್ಟು ಜನ ಒಂದೇ ಸೂರಿನಡಿ ಒಬ್ಬರನ್ನೊಬ್ಬರು ನೋಡುತ್ತ ಕೂರುವ ಕೋಣೆಯನ್ನು ಕಲ್ಲಿನ ತೊಲೆಯಿಂದ ಮುಚ್ಚಲಾಗದು. ಅಲ್ಲಿಗೆ ಉಕ್ಕಿನ ಸರಳು ಹುದುಗಿಸಿದ ಕಾಂಕ್ರೀಟು ಬೇಕು: ಒತ್ತಡವನ್ನು ಕಾಂಕ್ರೀಟು ಹೊರುತ್ತದೆ, ಎಳೆತವನ್ನು ಉಕ್ಕು ಹಿಡಿಯುತ್ತದೆ. ಕಲ್ಲಿನ ಮೈಯೊಳಗೆ ಕಾಂಕ್ರೀಟಿನ ನರ ಇರುವುದು ಹೀಗೆ.

ಗುಮ್ಮಟದ ಲೆಕ್ಕ ಇನ್ನೂ ಸ್ವಾರಸ್ಯದ್ದು. ವಿಧಾನಸೌಧದ ನಡುಗುಮ್ಮಟದ ಅಡ್ಡಗಲ 60 ಅಡಿ, ಹೊರುವುದು ಎಂಟು ಕಂಬಗಳು. ಅರ್ಧಗೋಳದ ಗುಮ್ಮಟದಲ್ಲಿ ನೆತ್ತಿಯಿಂದ ಸುಮಾರು 52 ಡಿಗ್ರಿ ಇಳಿಯುವವರೆಗೆ ಪ್ರತಿ ಸುತ್ತೂ ಒಳಮುಖವಾಗಿ ಬಿಗಿದುಕೊಳ್ಳುತ್ತದೆ. ಅದರ ಕೆಳಗೆ ಸುತ್ತುಗಳು ಹೊರಕ್ಕೆ ಅಗಲಿಕೊಳ್ಳಲು ನೋಡುತ್ತವೆ. ಕಲ್ಲು ಇಟ್ಟಿಗೆಗಳಿಗೆ ಎಳೆತ ಆಗಿಬರದು, ಆದ್ದರಿಂದ ಬುಡದಿಂದ ಮೇಲಕ್ಕೆ ಬಿರುಕು ಬಿಡುತ್ತವೆ. ರೋಮಿನ ಸಂತ ಪೀಟರ್ ಇಗರ್ಜಿಯ ಗುಮ್ಮಟದಲ್ಲಿ ಹೀಗೆ ಬಿರುಕು ಕಂಡಾಗ 1740ರ ದಶಕದಲ್ಲಿ ಜೊವಾನ್ನಿ ಪೊಲೇನಿಯ ಸಲಹೆಯಂತೆ ಸುತ್ತಲೂ ಕಬ್ಬಿಣದ ಬಳೆಗಳನ್ನು ತೊಡಿಸಿದರು. ವಿಜಯಪುರದ ಗೋಳಗುಮ್ಮಟ ಕಟ್ಟಿದವರ ದಾರಿ ಬೇರೆ: ಒಂದನ್ನೊಂದು ದಾಟುವ ಕಮಾನುಗಳ ಮೇಲೆ ಗುಮ್ಮಟವನ್ನು ಕೂರಿಸಿ, ಆ ಕಮಾನುಗಳ ಭಾರದಿಂದಲೇ ಹೊರನೂಕನ್ನು ಒಳಕ್ಕೆ ಒತ್ತಿಹಿಡಿದರು. ವಾಷಿಂಗ್ಟನ್ನಿನ ಕ್ಯಾಪಿಟಲ್ ಕಟ್ಟಡದ ಗುಮ್ಮಟ ನೋಡಲು ಕಲ್ಲಿನಂತಿದ್ದರೂ 1855ರಿಂದ 1866ರ ನಡುವೆ ಎರಕದ ಕಬ್ಬಿಣದಲ್ಲಿ ಮಾಡಿ ಬಣ್ಣ ಬಳಿದದ್ದು. ಅಮೆರಿಕದ ಹತ್ತಾರು ರಾಜ್ಯಗಳ ಶಾಸನಭವನಗಳು ಅದೇ ರೂಪವನ್ನು ಅನುಸರಿಸಿದವು. ಬೆಂಗಳೂರಿನಲ್ಲಿ ಗುಮ್ಮಟಕ್ಕೆ ದೇವಾಲಯದ ಮೈಕಟ್ಟು ಜೊತೆಯಾಯಿತು. ಆ ಜೋಡಣೆ ಇಲ್ಲಿನದೇ.

ಚಳ್ಳಕೆರೆ, ಮೊಳಕಾಲ್ಮೂರಿನ ಹಳ್ಳಿಗಳವರಿಗೆ ಕಲ್ಲಿನ ಮನೆಯ ಇನ್ನೊಂದು ಗುಣ ಹೇಳಿಕೊಡಬೇಕಿಲ್ಲ. ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವ ಈ ಸೀಮೆಯಲ್ಲಿ ದಪ್ಪ ಗೋಡೆಯ ಮಾಳಿಗೆಮನೆಗಳೇ ಮೊದಲಿನ ವಾಡಿಕೆ. ಹಗಲಿನ ಕಾವು ದಪ್ಪ ಗೋಡೆಯನ್ನು ಹಾದು ಒಳಗೆ ಬರುವ ಹೊತ್ತಿಗೆ ಹೊರಗೆ ರಾತ್ರಿಯಾಗಿರುತ್ತದೆ. ವಿಧಾನಸೌಧದ ಒಳ ಅಂಗಳ, ಉದ್ದನೆಯ ಮೊಗಸಾಲೆ, ದಪ್ಪ ಗೋಡೆಗಳೂ ಇದೇ ಕೆಲಸ ಮಾಡುತ್ತವೆ. ತಂಪು ಯಂತ್ರಗಳು ಅಪರೂಪವಾಗಿದ್ದ ಕಾಲದ ಕಟ್ಟಡ ಅದು.

ಈಗ ಆ ಕಟ್ಟಡಕ್ಕೆ 70 ತುಂಬುತ್ತಿದೆ. ಪಕ್ಕದಲ್ಲಿ 2005ರಲ್ಲಿ ವಿಕಾಸಸೌಧ, ಬೆಳಗಾವಿಯಲ್ಲಿ 2012ರಲ್ಲಿ ಸುವರ್ಣ ವಿಧಾನಸೌಧ ಬಂದವು. ಹಳೆಯ ಕಟ್ಟಡದ ಕಲ್ಲಿನ ಬಗ್ಗೆ ಹೆಚ್ಚು ಚಿಂತೆ ಬೇಡ. ಬ್ರಹ್ಮಗಿರಿಯ ಬಂಡೆಯಲ್ಲಿ ಚಪಡ ಕೊರೆದ ತೆಳು ಅಕ್ಷರಗಳು 2,200 ಮಳೆಗಾಲ ಕಂಡೂ ಓದುವಂತಿವೆ. ಚಿಂತೆ ಮಾಡಬೇಕಾದದ್ದು ಕಲ್ಲಿನ ಹಿಂದಿರುವ ಕಾಂಕ್ರೀಟಿನ ಬಗ್ಗೆ. ಹೊಸ ಕಾಂಕ್ರೀಟು ತುಂಬ ಕ್ಷಾರೀಯ; ಆ ಕ್ಷಾರ ಉಕ್ಕಿನ ಸರಳಿನ ಮೇಲೆ ತೆಳುವಾದ ರಕ್ಷಾಪದರ ಕಟ್ಟುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡು ಸಣ್ಣ ರಂಧ್ರಗಳಿಂದ ಒಳನುಗ್ಗುತ್ತ ಕ್ಷಾರವನ್ನು ತಗ್ಗಿಸುತ್ತ ಹೋಗುತ್ತದೆ. ಅದು ನುಗ್ಗುವ ಆಳ ಕಾಲದ ವರ್ಗಮೂಲಕ್ಕೆ ಅನುಗುಣವಾಗಿ ಹೆಚ್ಚುತ್ತದೆ: ನಾಲ್ಕು ಪಟ್ಟು ಸಮಯಕ್ಕೆ ಎರಡು ಪಟ್ಟು ಆಳ. ಒಮ್ಮೆ ಸರಳನ್ನು ಮುಟ್ಟಿ, ತೇವವೂ ಸೇರಿದರೆ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಬೇಕಾದ ಜಾಗ ಉಕ್ಕಿಗಿಂತ ಹಲವು ಪಟ್ಟು; ಅದು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ.

ಇದನ್ನು ಪತ್ತೆ ಮಾಡುವ ಪರೀಕ್ಷೆ ಕಷ್ಟದ್ದಲ್ಲ, ಪಿಯುಸಿ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿರುವ ಫಿನಾಲ್ಫ್‌ಥಲೀನ್ ದ್ರಾವಣ ಸಾಕು. ಕಾಂಕ್ರೀಟಿನಿಂದ ಬೆರಳುದ್ದದ ತುಣುಕೊಂದನ್ನು ಕೊರೆದು ತೆಗೆದು, ಹೊಸದಾಗಿ ಒಡೆದ ಮುಖದ ಮೇಲೆ ಅದನ್ನು ಚಿಮುಕಿಸುತ್ತಾರೆ. ಕ್ಷಾರ ಇನ್ನೂ ಉಳಿದಿರುವಲ್ಲಿ ಗಾಢ ಗುಲಾಬಿ ಬಣ್ಣ ಬರುತ್ತದೆ, ಕಳೆದುಹೋದಲ್ಲಿ ಬಣ್ಣವೇ ಬರುವುದಿಲ್ಲ. ಹೊರ ಅಂಚಿನಿಂದ ಗುಲಾಬಿ ಶುರುವಾಗುವ ಗೆರೆಯವರೆಗೆ ಅಳೆದು, ಸರಳು ಇರುವ ಆಳದ ಜೊತೆ ಹೋಲಿಸಿದರೆ ಆ ತೊಲೆಗೆ ಇನ್ನೆಷ್ಟು ವರ್ಷ ಬಿಡುವಿದೆ ಎಂಬ ಅಂದಾಜು ಸಿಗುತ್ತದೆ. ಮಳೆನೀರು ಇಳಿಯುವ ಮೂಲೆಗಳಲ್ಲಿ, ಶೌಚಾಲಯದ ಕೊಳವೆ ಹಾದುಹೋಗುವ ಗೋಡೆಗಳಲ್ಲಿ, ತಂಪು ಯಂತ್ರ ಸಿಕ್ಕಿಸಲು ತೂತು ಕೊರೆದ ಕಡೆಗಳಲ್ಲಿ ಮೊದಲು ಈ ಪರೀಕ್ಷೆ ಆಗಬೇಕು. ನೀರು ಒಳಕ್ಕೆ ದಾರಿ ಹುಡುಕುವುದು ಅಲ್ಲಿಂದಲೇ.